ಬೆತ್ತ ಬಿಟ್ಟ ಮೇಷ್ಟ್ರ ಕೈಗೆ ಏನು ಕೊಟ್ಟೆವು? ತರಗತಿಯ ಗಲಾಟೆ, ಕಾನೂನು ಮತ್ತು ಕೊಡಗಿನ ಶಾಲೆಗಳು

2025ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟಿನಿಂದ ಒಂದು ಆದೇಶ ಬಂತು. ವಿದ್ಯಾರ್ಥಿಗೆ ಬೆತ್ತದಿಂದ ಹೊಡೆದ ಆರೋಪ ಹೊತ್ತ ಶಿಕ್ಷಕರೊಬ್ಬರು ಜಾಮೀನು ಕೇಳಿದ್ದರು. ಜಾಮೀನು ಕೊಟ್ಟ ನ್ಯಾಯಮೂರ್ತಿ ಪಿ.ವಿ. ಕುಂಞಿಕೃಷ್ಣನ್, ಶಿಕ್ಷಕರು ಬೇಕಿದ್ದರೆ ಶಾಲೆಯಲ್ಲಿ ಬೆತ್ತ ಹಿಡಿದುಕೊಂಡಿರಲಿ ಎಂದರು. ಯಾವಾಗಲೂ ಬಳಸಬೇಕೆಂದೇನಿಲ್ಲ, ಕಣ್ಣಿಗೆ ಕಂಡರೂ ಮಕ್ಕಳ ಮನಸ್ಸಿನ ಮೇಲೆ ಪರಿಣಾಮ ಆಗುತ್ತದೆ ಎಂಬ ಅರ್ಥದ ಮಾತನ್ನೂ ಸೇರಿಸಿದರು.

ಕೇರಳದ ಸುದ್ದಿ ಕೊಡಗಿಗೆ ಬೇಗ ಬರುತ್ತದೆ. ಕುಟ್ಟ ದಾಟಿದರೆ ವಯನಾಡು, ಮಾಕುಟ್ಟ ಇಳಿದರೆ ಕಣ್ಣೂರು. ಆದರೆ ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ ಇಂಥ ಆದೇಶದಲ್ಲಿ ಒಂದೇ ಸಾಲು ಉಳಿಯುತ್ತದೆ: ‘ಕೋರ್ಟೇ ಹೇಳಿದೆ, ಇನ್ನು ಹೊಡೆಯಬಹುದು.’ ಇನ್ನೊಂದು ಕಡೆ ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098ರ ಫಲಕ ಇದೆ. ಹೊಡೆದರೆ ಅಮಾನತು ಎಂಬ ಭಯವೂ ಇದೆ. ಎದುರು ಮಾತಾಡುವ, ಪಾಠಕ್ಕೆ ಅಡ್ಡಿ ಮಾಡುವ ಹುಡುಗನ ಮುಂದೆ ನಿಂತ ಮೇಷ್ಟ್ರು ಯಾವುದನ್ನು ನಂಬಬೇಕು?

ಆದೇಶದಲ್ಲಿ ನಿಜವಾಗಿ ಏನಿದೆ

ಅದು ಜಾಮೀನು ಅರ್ಜಿಯ ಮೇಲೆ ಬಂದ ಆದೇಶ. ಬೆತ್ತದ ಮಾತು ಅದರಲ್ಲಿ ನ್ಯಾಯಮೂರ್ತಿಗಳ ಅಭಿಪ್ರಾಯವಾಗಿ ಬಂದಿದೆ. ಮಕ್ಕಳಿಗೆ ಹೊಡೆಯಬಾರದು ಎನ್ನುವ ಕಾಯ್ದೆಯನ್ನು ಅದು ತೆಗೆದುಹಾಕಿಲ್ಲ. ಆದೇಶದ ಮುಖ್ಯ ಭಾಗ ಬೇರೆಯೇ ಇದೆ. ಶಾಲೆಯೊಳಗೆ ನಡೆದ ವಿಷಯಕ್ಕೆ ಶಿಕ್ಷಕರ ಮೇಲೆ ದೂರು ಬಂದರೆ ಪೊಲೀಸರು ಕೇಸು ಹಾಕುವ ಮೊದಲು ಪ್ರಾಥಮಿಕ ವಿಚಾರಣೆ ಮಾಡಬೇಕು, ಆ ಹೊತ್ತಿನಲ್ಲಿ ಬಂಧಿಸಬಾರದು ಎಂದು ಅದು ಹೇಳುತ್ತದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಹೈಕೋರ್ಟ್ ಇನ್ನೊಂದು ಕೇಸನ್ನು ರದ್ದು ಮಾಡಿತು. ಜಗಳವಾಡುತ್ತಿದ್ದ ಮಕ್ಕಳ ಕಾಲಿಗೆ ಬೆತ್ತದಿಂದ ಹೊಡೆದ ಶಿಕ್ಷಕರ ಮೇಲಿನ ಕೇಸು ಅದು. ಶಿಸ್ತಿಗಾಗಿ ಹೊಡೆದದ್ದು, ಕೆಟ್ಟ ಉದ್ದೇಶ ಇರಲಿಲ್ಲ ಎಂಬುದು ಅಲ್ಲಿ ಮುಖ್ಯವಾಯಿತು.

ಒಂದು ರಾಜ್ಯದ ಹೈಕೋರ್ಟಿನ ತೀರ್ಪು ಇನ್ನೊಂದು ರಾಜ್ಯವನ್ನು ಕಟ್ಟಿಹಾಕುವುದಿಲ್ಲ. ಕರ್ನಾಟಕದ ವಕೀಲರು ಅದನ್ನು ತೋರಿಸಿ ವಾದಿಸಬಹುದು, ಅಷ್ಟೇ. ಆದರೆ ಪ್ರಾಥಮಿಕ ವಿಚಾರಣೆಯ ಅವಕಾಶ ಇಲ್ಲೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಂ ಹೀಗೆ ಹೇಳುತ್ತದೆ: 3 ವರ್ಷ ಅಥವಾ ಅದಕ್ಕಿಂತ ಜಾಸ್ತಿ, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆ ಇರುವ ಅಪರಾಧಗಳಲ್ಲಿ, ಡಿವೈಎಸ್ಪಿ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ‘ನಡೆಸಬಹುದು’ ಅಷ್ಟೇ, ನಡೆಸಲೇಬೇಕು ಎಂದಿಲ್ಲ. ಹಾಗಾಗಿ ಕೇರಳದ ಸುದ್ದಿ ಓದಿ ಮಡಿಕೇರಿಯ ಮೇಷ್ಟ್ರು ಬೆತ್ತ ತರಿಸಿಕೊಂಡರೆ, ಆ ಆದೇಶ ಅವರನ್ನು ಕಾಪಾಡುತ್ತದೆ ಎಂಬ ಭರವಸೆ ಇಲ್ಲ.

ಕಾನೂನಿನ ಗೆರೆ ಎಲ್ಲಿದೆ

ದೆಹಲಿ ಹೈಕೋರ್ಟ್ 2000ದ ಡಿಸೆಂಬರ್‌ನಲ್ಲೇ ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ಹೊಡೆತದ ಶಿಕ್ಷೆಯನ್ನು ತೆಗೆದುಹಾಕಿತ್ತು. ದೇಶಕ್ಕೆಲ್ಲ ಅನ್ವಯಿಸುವ ನಿಷೇಧ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ. ಅದರ 17ನೇ ಕಲಂ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕೊಡುವಂತಿಲ್ಲ. ಕೊಟ್ಟರೆ ಸೇವಾ ನಿಯಮದಂತೆ ಶಿಸ್ತುಕ್ರಮ. 16ನೇ ಕಲಂ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಹೊರಹಾಕುವ ವಿಷಯದಲ್ಲಿ ಏನೂ ಬದಲಾಗಲಿಲ್ಲ. ‘ಟಿಸಿ ಕೊಟ್ಟು ಕಳಿಸ್ತೀನಿ’ ಎಂದು 7ನೇ ತರಗತಿ ಹುಡುಗನಿಗೆ ಹೇಳುವ ಮಾತಿಗೆ ಬೆಲೆಯೇ ಇಲ್ಲ. ಹುಡುಗರಿಗೂ ಅದು ಗೊತ್ತು.

ಇಲ್ಲಿ ಒಂದು ಗೊಂದಲ ಇದೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಹೈಸ್ಕೂಲು, ಪಿಯುಸಿ ಮಕ್ಕಳಲ್ಲಿ ಹೆಚ್ಚಿನವರು ಅದರ ಹೊರಗೆ. ಹಾಗಂತ ಅವರಿಗೆ ಹೊಡೆಯಬಹುದು ಎಂದು ಅರ್ಥ ಅಲ್ಲ. 2015ರ ಬಾಲನ್ಯಾಯ ಕಾಯ್ದೆ 18 ತುಂಬದ ಎಲ್ಲರಿಗೂ ಅನ್ವಯಿಸುತ್ತದೆ. ಮಗು ಯಾರ ಸುಪರ್ದಿಯಲ್ಲಿದೆಯೋ ಅವರೇ ಹಿಂಸೆ ಕೊಟ್ಟರೆ 75ನೇ ಕಲಂ ಕೆಳಗೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಶಾಲೆಗಳಿಗಾಗಿ ಕರ್ನಾಟಕದ್ದೇ ಮಕ್ಕಳ ರಕ್ಷಣಾ ನೀತಿ 2016ರಿಂದ ಇದೆ.

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯಲ್ಲಿ ಹೊಡೆತದ ಜೊತೆ ಇನ್ನೂ ಹಲವು ಸೇರಿವೆ. ಕಿವಿ ಹಿಂಡುವುದು, ಬೆಂಚಿನ ಮೇಲೆ ನಿಲ್ಲಿಸುವುದು, ಮಂಡಿಯೂರಿಸುವುದು, ಕೋಣೆಯಲ್ಲಿ ಕೂಡಿಹಾಕುವುದು, ಜಾತಿ ಅಥವಾ ಅಪ್ಪ ಅಮ್ಮನ ಕೆಲಸ ಎತ್ತಿ ಹಂಗಿಸುವುದು ಎಲ್ಲವೂ ಅಲ್ಲಿವೆ. ಹೊಡೆಯುವುದನ್ನು ಬಿಟ್ಟ ಎಷ್ಟೋ ಮೇಷ್ಟ್ರು ಹಂಗಿಸುವುದನ್ನು ಬಿಟ್ಟಿಲ್ಲ. ಕಾನೂನಿನ ಕಣ್ಣಿಗೆ ಎರಡೂ ಒಂದೇ.

ಹಾಗಾದರೆ ಗದರುವುದೂ ತಪ್ಪಾ? ಅಲ್ಲ. 2021ರ ಅಕ್ಟೋಬರ್‌ನಲ್ಲಿ ಜಿಯೋ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಜೈಪುರದ 9ನೇ ತರಗತಿ ವಿದ್ಯಾರ್ಥಿಯ ಆತ್ಮಹತ್ಯೆಗೆ ಪಿಟಿ ಶಿಕ್ಷಕರು ಪ್ರಚೋದನೆ ಕೊಟ್ಟರೆಂದು ಕೇಸಾಗಿತ್ತು. ಶಿಸ್ತಿಗಾಗಿ ಗದರಿದ್ದು ಮಾತ್ರಕ್ಕೆ ಅದು ಪ್ರಚೋದನೆ ಆಗುವುದಿಲ್ಲ ಎಂದ ಕೋರ್ಟು ಆ ಕೇಸನ್ನು ರದ್ದು ಮಾಡಿತು. ತಿದ್ದಬಹುದು, ಗಟ್ಟಿಯಾಗಿ ಹೇಳಬಹುದು, ಪಾಲಕರನ್ನು ಕರೆಸಬಹುದು. ಮೈ ಮುಟ್ಟಿ ನೋಯಿಸುವಂತಿಲ್ಲ, ಮಾನ ಕಳೆಯುವಂತಿಲ್ಲ.

ಎರಡು ವಾದ, ಎರಡರಲ್ಲೂ ಒಂದು ಕೊರತೆ

ಬೆತ್ತ ಬೇಕು ಎನ್ನುವವರನ್ನು ಸುಮ್ನೆ ಹಳೆ ಕಾಲದವರು ಎಂದು ತಳ್ಳಿಹಾಕುವುದು ಸರಿಯಲ್ಲ. ‘ದಂಡಂ ದಶಗುಣಂ’ ಎನ್ನುವ ಮಾತಿನ ಹಿಂದೆ ನಿಜವಾದ ಕಷ್ಟ ಇದೆ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಒಬ್ಬ ಹುಡುಗ ಹತ್ತು ನಿಮಿಷ ತಿಂದರೆ ಉಳಿದ ಮಕ್ಕಳ ಪಾಠ ಹೋಗುತ್ತದೆ. ಆ ಮಕ್ಕಳಿಗೂ ಹಕ್ಕಿದೆ, ಅಲ್ವಾ? ಪಾಲಕರಲ್ಲೂ ಎಷ್ಟೋ ಜನ ‘ನಾಲ್ಕು ಬಿಡಿ ಸಾರ್, ನಾವೇನೂ ಕೇಳಲ್ಲ’ ಎಂದು ಹೇಳಿ ಹೋಗುತ್ತಾರೆ. ಅದೇ ಪಾಲಕರು ಕೈಗೆ ಬಾಸುಂಡೆ ಬಂದ ದಿನ ಬೇರೆ ಮಾತಾಡಬಹುದು.

ಮಕ್ಕಳ ಹಕ್ಕಿನ ಪರ ಇರುವವರ ಬಳಿ ಗಟ್ಟಿ ಆಧಾರ ಇದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 65 ಮಂದಿ ಹೊಡೆತ ತಿಂದಿದ್ದೇವೆ ಎಂದಿದ್ದರು. ಕಾಯ್ದೆ ಬಂದದ್ದು ಇಂಥ ಸ್ಥಿತಿಯಲ್ಲಿ.

ಬೆತ್ತ ಯಾಕೆ ಸೋಲುತ್ತದೆ ಎನ್ನುವುದನ್ನು ನಿಧಾನವಾಗಿ ನೋಡಬೇಕು. ಹೊಡೆದ ತಕ್ಷಣ ತರಗತಿ ತಣ್ಣಗಾಗುತ್ತದೆ. ಹೊಡೆದದ್ದು ಕೆಲಸ ಮಾಡಿತು ಎಂದು ಮೇಷ್ಟ್ರಿಗೆ ಅನಿಸುತ್ತದೆ. ಮುಂದಿನ ಸಲ ಕೈ ಬೇಗ ಎತ್ತುತ್ತದೆ. ಹುಡುಗ ಕಲಿಯುವುದು ಸಿಕ್ಕಿಬೀಳದೆ ಇರುವುದನ್ನು. ಅಭ್ಯಾಸವಾದ ಹಾಗೆ ಒಂದು ಏಟಿನ ಭಯ ಕಡಿಮೆಯಾಗುತ್ತದೆ, ಆಗ ಎರಡು ಬೇಕು. ಹೀಗೆ ಒಬ್ಬರನ್ನೊಬ್ಬರು ಏರಿಸುತ್ತಾ ಹೋಗುವ ಸುತ್ತನ್ನು ಅಮೆರಿಕದ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್ ಕುಟುಂಬಗಳನ್ನು ಅಧ್ಯಯನ ಮಾಡಿ ವಿವರಿಸಿದ್ದರು. 9ನೇ ತರಗತಿಗೆ ಬರುವಾಗ ಹುಡುಗ ಮೇಷ್ಟ್ರಿಗಿಂತ ಎತ್ತರ ಬೆಳೆದಿರುತ್ತಾನೆ. ಬೆತ್ತ ತೀರಾ ಬೇಕು ಅನಿಸುವ ವಯಸ್ಸಿನಲ್ಲೇ ಅದು ನಡೆಯುವುದಿಲ್ಲ. ಆ ಹೊತ್ತಿಗೆ ಭಯ ಹೋಗಿರುತ್ತದೆ, ಮಾತಿನ ದಾರಿಯನ್ನು ಯಾರೂ ಕಟ್ಟಿರುವುದಿಲ್ಲ.

ಆದರೆ ಹಕ್ಕಿನ ಪರ ಇರುವವರ ಕಡೆಯೂ ಒಂದು ದೊಡ್ಡ ಬಾಕಿ ಉಳಿದಿದೆ. ಬೆತ್ತ ಕೆಳಗಿಡಿ ಎಂದ ವ್ಯವಸ್ಥೆ ಅದರ ಬದಲಿಗೆ ಏನನ್ನೂ ಕೊಡಲಿಲ್ಲ. ಸುತ್ತೋಲೆ ಕೊಟ್ಟಿತು, ಒಂದೊಂದು ದಿನದ ತರಬೇತಿ ಕೊಟ್ಟಿತು. ಆಪ್ತಸಮಾಲೋಚಕರನ್ನು ಕೊಡಲಿಲ್ಲ, ಸಮಯ ಕೊಡಲಿಲ್ಲ, ಗಲಾಟೆ ಆದಾಗ ಯಾರು ಏನು ಮಾಡಬೇಕು ಎಂಬ ಕ್ರಮ ಕೊಡಲಿಲ್ಲ. ಎಲ್ಲವೂ ಆ ಒಬ್ಬ ಶಿಕ್ಷಕರ, ಹಲವು ಕಡೆ ಅತಿಥಿ ಶಿಕ್ಷಕರ, ತಲೆ ಮೇಲೆ ಬಿತ್ತು. ಇಡೀ ಚರ್ಚೆಯ ಬೇರು ಇಲ್ಲೇ ಇದೆ.

ಸೊಕ್ಕು ಎಂದು ಕಾಣುವುದೆಲ್ಲ ಸೊಕ್ಕಲ್ಲ

ಕೊಡಗಿನ ಒಂದು ಸರ್ಕಾರಿ ಶಾಲೆಯ 5ನೇ ತರಗತಿಯಲ್ಲಿ ಎಷ್ಟು ಮನೆಮಾತು ಇರಬಹುದು? ಕೊಡವ, ಅರೆಭಾಷೆ, ಮಲಯಾಳಂ, ತುಳು, ತಮಿಳು, ಎರವ, ಕುರುಬ. ಈಗ ತೋಟದ ಲೈನ್ ಮನೆಗಳಿಗೆ (ಕಾರ್ಮಿಕರ ಸಾಲುಮನೆಗಳಿಗೆ) ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದವರ ಮಕ್ಕಳೂ ಸೇರಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಜೊತೆಗೆ ವಿಶೇಷ ತರಬೇತಿ ಕೊಡಬೇಕು. ಸೇರಿಸುವುದು ಒಂದು ಸಹಿಯ ಕೆಲಸ, ಆಗುತ್ತದೆ. ತರಬೇತಿಗೆ ಒಬ್ಬ ಮನುಷ್ಯ ಬೇಕು, ಅದು ಎಲ್ಲ ಕಡೆ ಆಗುವುದಿಲ್ಲ. ಕನ್ನಡ ಓದಲು ಬಾರದ 11 ವರ್ಷದ ಹುಡುಗ ಇಡೀ ದಿನ ಅರ್ಥವಾಗದ ಮಾತಿನ ನಡುವೆ ಕೂರುತ್ತಾನೆ. ಪಕ್ಕದವನನ್ನು ಚಿವುಟುತ್ತಾನೆ, ನಗಿಸುತ್ತಾನೆ, ಎದ್ದು ಹೋಗುತ್ತಾನೆ. ಪಾಠ ಅರ್ಥವಾಗದಿದ್ದರೂ ಸ್ನೇಹಿತರನ್ನು ನಗಿಸಲು ಅವನಿಗೆ ಬರುತ್ತದೆ, ಹಾಗಾಗಿ ಅದನ್ನೇ ಮಾಡುತ್ತಾನೆ. ಲೈನ್ ಮನೆಯಲ್ಲಿ ಗೆಳೆಯರಿಂದ ಕಲಿತ ಕನ್ನಡದಲ್ಲಿ ಮೇಷ್ಟ್ರನ್ನು ‘ನೀನು’ ಎಂದರೆ ಅದೂ ಉದ್ಧಟತನವಾಗಿ ಕೇಳಿಸುತ್ತದೆ.

ಎರಡನೇ ಕಾರಣ ಕಾಫಿ. ಅರೇಬಿಕಾ, ರೊಬಸ್ಟಾ ಎರಡರ ಕೊಯ್ಲೂ ಸೇರಿದರೆ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ತೋಟದಲ್ಲಿ ಕೆಲಸ. ಆಗ ಲೈನ್ ಮನೆಯ, ಹಾಡಿಯ (ಬುಡಕಟ್ಟು ಜನರ ವಸತಿಯ) ಮಕ್ಕಳಲ್ಲಿ ಕೆಲವರು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ, ಕೆಲವರು ತೋಟಕ್ಕೇ ಹೋಗುತ್ತಾರೆ. ಮರಳಿ ಬರುವಾಗ ಗಣಿತ ಮೂರು ಅಧ್ಯಾಯ ಮುಂದೆ ಹೋಗಿರುತ್ತದೆ. ಎಲ್ಲರ ಮುಂದೆ ಎಬ್ಬಿಸಿ ಪ್ರಶ್ನೆ ಕೇಳಿದರೆ ಆ ಮಗು ಏಳುವುದಿಲ್ಲ, ತಲೆ ತಗ್ಗಿಸಿ ಕೂರುತ್ತದೆ. ‘ಕರೆದರೂ ಏಳಲ್ಲ, ಎಷ್ಟು ಸೊಕ್ಕು ನೋಡಿ’ ಎಂಬ ಮಾತು ಬರುತ್ತದೆ. ಮಗುವಿಗೆ ಆಗುತ್ತಿರುವುದು ನಾಚಿಕೆ.

ಮೂರನೆಯದು ಮಳೆ. ಇದನ್ನು ಹೊರಗಿನಿಂದ ಬಂದ ತರಬೇತುದಾರರು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮೈದಾನ ನೀರು. ಮಕ್ಕಳು ಒದ್ದೆ ಬಟ್ಟೆಯಲ್ಲಿ ಬರುತ್ತಾರೆ, ದಿನವಿಡೀ ಒಳಗೇ ಕೂರುತ್ತಾರೆ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಎರಡನೇ ಸಾಲಿಗೇ ಮೇಷ್ಟ್ರ ದನಿ ಕೇಳುವುದಿಲ್ಲ. ಕೇಳದಿದ್ದಾಗ ಮಕ್ಕಳು ಮಾತಾಡುತ್ತಾರೆ, ಮಾತಾಡಿದ್ದಕ್ಕೆ ಮೇಷ್ಟ್ರು ಕೂಗುತ್ತಾರೆ, ಕೂಗಿದ್ದೂ ಕೇಳುವುದಿಲ್ಲ. ಮೇಲಿಂದ ಮಳೆ ರಜೆ ತುಂಬಿಸಲು ಶನಿವಾರ ಪೂರ್ತಿ ಶಾಲೆ. ಆ ತಿಂಗಳುಗಳಲ್ಲಿ ಗಲಾಟೆ ಜಾಸ್ತಿಯಾದರೆ ಅದಕ್ಕೆ ಮಕ್ಕಳ ಗುಣಕ್ಕಿಂತ ಕಟ್ಟಡ ಮತ್ತು ವೇಳಾಪಟ್ಟಿ ಕಾರಣ.

ಗಮನ ನಿಲ್ಲದ ತೊಂದರೆ, ಓದುವ ತೊಂದರೆ ಇರುವ ಮಕ್ಕಳೂ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಬ್ಲಾಕ್ ಮಟ್ಟದ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ) ಶಿಕ್ಷಕರನ್ನು ಕರೆಸಿ ತೋರಿಸುವುದು ಇಲ್ಲಿ ಮೊದಲ ಹೆಜ್ಜೆ. ರಾತ್ರಿ ಒಂದು ಗಂಟೆವರೆಗೆ ಮೊಬೈಲಿನಲ್ಲಿ ಆಡಿ ಬಂದ ಹುಡುಗನ ಸಿಡುಕು ಬೇರೆ, ಅದು ಮನೆಯವರ ಜೊತೆ ಮಾತಾಡಬೇಕಾದ ವಿಷಯ.

ಇವೆಲ್ಲ ತೆಗೆದ ಮೇಲೆ ಉಳಿಯುವುದು ನಿಜವಾದ ಸೊಕ್ಕು. ಅದೂ ಇದೆ, ಇಲ್ಲ ಎನ್ನಬಾರದು. ‘ನಮ್ಮಪ್ಪ ಯಾರು ಗೊತ್ತಾ’ ಎನ್ನುವ ಹುಡುಗ ಇದ್ದಾನೆ. ಶುಲ್ಕ ಕಟ್ಟುವ ಶಾಲೆಗಳಲ್ಲಿ ಇದಕ್ಕೆ ಒಂದು ಹಿನ್ನೆಲೆ ಇದೆ. ಅಪ್ಪನ ವರಮಾನಕ್ಕೆ ಹೋಲಿಸಿದರೆ ಮೇಷ್ಟ್ರ ಸಂಬಳ ತುಂಬಾ ಕಡಿಮೆ. ಒಂದು ಅಡ್ಮಿಷನ್ ಹೋದರೆ ಎಂಬ ಚಿಂತೆ ಆಡಳಿತ ಮಂಡಳಿಗೆ. ದೂರು ಬಂದಾಗ ಮಂಡಳಿ ಎರಡು ಸಲ ಹುಡುಗನ ಕಡೆ ನಿಂತರೆ ಸಾಕು, ಮೂರನೇ ಸಲ ಇಡೀ ತರಗತಿಗೆ ಮೇಷ್ಟ್ರ ಬೆಲೆ ಎಷ್ಟು ಎಂದು ಗೊತ್ತಾಗಿರುತ್ತದೆ.

ಮಗು ಏನು ಬೇಕೆಂದು ಹೀಗೆ ಮಾಡುತ್ತಿದೆ ಎಂದು ತಿಳಿಯಲು ಆಸ್ಟ್ರಿಯಾದಲ್ಲಿ ಹುಟ್ಟಿದ ಮನೋವೈದ್ಯ ರುಡಾಲ್ಫ್ ಡ್ರೈಕರ್ಸ್ ಒಂದು ದಾರಿ ತೋರಿಸಿದ್ದರು. ಮಕ್ಕಳ ಕೆಟ್ಟ ನಡತೆಯ ಹಿಂದೆ ನಾಲ್ಕು ಬಯಕೆ ಇರುತ್ತವೆ ಎಂದರು: ಗಮನ ಸೆಳೆಯುವುದು, ತನ್ನದೇ ನಡೆಯಬೇಕು ಎನ್ನುವುದು, ಸೇಡು, ನನ್ನಿಂದಾಗದು ಎಂಬ ಕೈಚೆಲ್ಲುವಿಕೆ. ಯಾವುದು ಎಂದು ಗೊತ್ತಾಗಬೇಕಾದರೆ ಶಿಕ್ಷಕರು ತಮ್ಮ ಮನಸ್ಸನ್ನೇ ನೋಡಿಕೊಳ್ಳಬೇಕು. ಬರೀ ಕಿರಿಕಿರಿ ಆದರೆ ಅವನಿಗೆ ಬೇಕಿರುವುದು ಗಮನ. ‘ಇವನು ನನಗೇ ಸವಾಲು ಹಾಕ್ತಾನಾ’ ಅನಿಸಿದರೆ ಅದು ಅಧಿಕಾರದ ಜಗಳ. ಮನಸ್ಸಿಗೆ ನೋವಾದರೆ ಸೇಡು. ಇನ್ನೇನೂ ಮಾಡಲಾರೆ ಅನಿಸಿದರೆ ಆ ಮಗುವೂ ಹಾಗೇ ಅಂದುಕೊಂಡಿದೆ. ಮದ್ದು ನಾಲ್ಕಕ್ಕೂ ಬೇರೆ. ಗಮನ ಬೇಕಾದವನಿಗೆ ಬೈಗುಳವೂ ಗಮನವೇ, ಬೈದಷ್ಟೂ ಅವನಿಗೆ ಲಾಭ. ಸುಮ್ಮನೆ ಕೆಲಸ ಮಾಡುತ್ತಿರುವಾಗ ಹತ್ತಿರ ಹೋಗಿ ಎರಡು ಮಾತಾಡಿದರೆ ಅವನು ಬದಲಾಗುತ್ತಾನೆ. ಅಧಿಕಾರದ ಜಗಳಕ್ಕೆ ನಿಂತವನ ಎದುರು ಜಗಳಕ್ಕೇ ಇಳಿಯಬಾರದು.

ಎಲ್ಲರೂ ನೋಡುತ್ತಿರುವಾಗ

ಅಮೆರಿಕದ ಸಂಶೋಧಕ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಪಯೋಗಕ್ಕೆ ಬರುತ್ತದೆ. ತರಗತಿಗಳ ವಿಡಿಯೋ ನೋಡಿ, ಶಿಸ್ತಿನ ತರಗತಿಗೂ ಗಲಾಟೆಯ ತರಗತಿಗೂ ವ್ಯತ್ಯಾಸ ಏನು ಎಂದು ಅವರು ಹುಡುಕಿದರು. ಗಲಾಟೆ ಆದ ಮೇಲೆ ಶಿಕ್ಷಕರು ಏನು ಮಾಡಿದರು ಎಂಬುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆ ಆಗುವ ಮೊದಲು. ಒಳ್ಳೆಯ ಶಿಕ್ಷಕರು ಬೋರ್ಡಿಗೆ ಬರೆಯುವಾಗಲೂ ಹಿಂದಿನ ಬೆಂಚಿನಲ್ಲಿ ಏನಾಗುತ್ತಿದೆ ಎಂದು ತಿಳಿದಿದ್ದರು, ಅದು ಮಕ್ಕಳಿಗೂ ಗೊತ್ತಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಖಾಲಿ ಸಮಯ ಬಿಡುತ್ತಿರಲಿಲ್ಲ.

ನಮ್ಮ ಕಡೆ ಗಲಾಟೆ ಹೆಚ್ಚಾಗಿ ಹುಟ್ಟುವುದೂ ಆ ಖಾಲಿ ಸಮಯದಲ್ಲೇ. ಹಾಜರಿ ಕರೆಯುವಾಗ, ಬಿಸಿಯೂಟದ ಲೆಕ್ಕ ಬರೆಯುವಾಗ, ಒಬ್ಬರೇ ಮೇಷ್ಟ್ರು ಎರಡು ತರಗತಿ ನೋಡುವಾಗ. ಚಿಕ್ಕ ಶಾಲೆ ಜಾಸ್ತಿ ಇರುವ ಕೊಡಗಿಗೆ ಇದು ದಿನದ ಮಾತು. ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿ ಇದಕ್ಕೆ ಒಂದು ಉತ್ತರ ಕೊಟ್ಟಿತ್ತು: ಮಗು ಬಂದ ಕೂಡಲೇ ತನ್ನ ಕಾರ್ಡು ತೆಗೆದು ಕೆಲಸಕ್ಕೆ ಕೂರುತ್ತದೆ, ಮೇಷ್ಟ್ರಿಗೆ ಕಾಯುವುದಿಲ್ಲ. ಮೇಲಿನ ತರಗತಿಗಳಲ್ಲೂ ಒಳಗೆ ಬಂದಾಗ ಬೋರ್ಡಿನ ಮೇಲೆ ಐದು ನಿಮಿಷದ ಕೆಲಸ ಬರೆದಿದ್ದರೆ ಅರ್ಧ ಗಲಾಟೆ ಹುಟ್ಟುವುದೇ ಇಲ್ಲ.

ಆದರೂ ಹುಟ್ಟುತ್ತದೆ. 9ನೇ ತರಗತಿ, ಹಿಂದಿನ ಬೆಂಚು, ಕೈಯಲ್ಲಿ ಮೊಬೈಲ್. ‘ಏಯ್, ತಗೊಂಡು ಬಾ ಇಲ್ಲಿ’ ಎಂದು ಕೂಗಿದರೆ ನಲವತ್ತು ಜೋಡಿ ಕಣ್ಣು ತಿರುಗುತ್ತವೆ. ಕೊಟ್ಟರೆ ಸೋತ, ಕೊಡದಿದ್ದರೆ ಹೀರೋ. ಹದಿನೈದರ ವಯಸ್ಸಿನಲ್ಲಿ ಸೋಲು ಆರಿಸಿಕೊಳ್ಳುವವರು ಕಡಿಮೆ. ಅವನು ‘ಕೊಡಲ್ಲ’ ಎನ್ನುತ್ತಾನೆ, ಮೇಷ್ಟ್ರ ಮಾನದ ಪ್ರಶ್ನೆ ಬರುತ್ತದೆ, ಕೈ ಮೇಲೇಳುತ್ತದೆ.

ಬೇರೆ ದಾರಿ ಇದೆ. ಪಾಠ ನಿಲ್ಲಿಸದೆ ಅವನ ಬೆಂಚಿನ ಹತ್ತಿರ ಹೋಗಿ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳುವುದು: ‘ಫೋನು ಬ್ಯಾಗಿಗೆ ಹಾಕು, ಇಲ್ಲಾಂದ್ರೆ ಆಫೀಸಲ್ಲಿ ಕೊಟ್ಟು ಬಾ. ನೀನೇ ನೋಡು.’ ಹೇಳಿ ಅಲ್ಲಿ ನಿಲ್ಲಬಾರದು, ತಿರುಗಿ ಬೋರ್ಡಿನ ಕಡೆ ಹೋಗಬೇಕು. ನಿಂತರೆ ಅದು ಸವಾಲು. ಹೋದರೆ ಅವನಿಗೆ ಮುಖ ಉಳಿಸಿಕೊಂಡು ಮಾತು ಕೇಳಲು ಅರ್ಧ ನಿಮಿಷ ಸಿಗುತ್ತದೆ. ಅವನು ಗೊಣಗುತ್ತಾ ಬ್ಯಾಗಿಗೆ ಹಾಕಬಹುದು. ಆ ಗೊಣಗಾಟವನ್ನು ಹಿಡಿದು ‘ಏನಂದೆ?’ ಎಂದು ಕೇಳಿದರೆ ಮುಗಿದ ವಿಷಯ ಮತ್ತೆ ಶುರುವಾಗುತ್ತದೆ. ಫೋನು ಒಳಗೆ ಹೋಯಿತು, ಬೇಕಾದದ್ದು ಅಷ್ಟೇ. ಗೊಣಗಿದ್ದರ ಬಗ್ಗೆ ಊಟದ ಬಿಡುವಿನಲ್ಲಿ ಒಬ್ಬನನ್ನೇ ಕರೆದು ಮಾತಾಡಬಹುದು.

ಅವನು ಕೇಳಲೇ ಇಲ್ಲ ಎಂದಿಟ್ಟುಕೊಳ್ಳಿ. ‘ಸರಿ, ಬಿಡುವಿನಲ್ಲಿ ಎಚ್‌ಎಂ ಕೋಣೆಯಲ್ಲಿ ಮಾತಾಡೋಣ’ ಎಂದು ಪಾಠ ಮುಂದುವರಿಸಬೇಕು. ಇದು ಸೋಲಿನ ಹಾಗೆ ಕಾಣುತ್ತದೆ ಎಂದು ಎಷ್ಟೋ ಶಿಕ್ಷಕರಿಗೆ ಅಳುಕು. ಬಿಡುವಿನಲ್ಲಿ ನಿಜವಾಗಿಯೂ ಮಾತುಕತೆ ನಡೆದರೆ, ಪ್ರತಿ ಸಲವೂ ನಡೆದರೆ, ಎರಡು ವಾರದಲ್ಲಿ ತರಗತಿಗೆ ಅರ್ಥವಾಗುತ್ತದೆ. ಶಿಕ್ಷೆ ಎಷ್ಟು ಕಠಿಣ ಎಂಬುದಕ್ಕಿಂತ ತಪ್ಪದೆ ನಡೆಯುತ್ತದೆಯೇ ಎಂಬುದು ಮಕ್ಕಳಿಗೆ ಮುಖ್ಯ.

ನಮ್ಮ ಶಾಲೆಗಳ ಎರಡು ಅಭ್ಯಾಸ ಉಪಕಾರಕ್ಕಿಂತ ತೊಂದರೆಯನ್ನೇ ಜಾಸ್ತಿ ಮಾಡುತ್ತವೆ.

ಒಂದು, ಮಾನಿಟರ್ ಬೋರ್ಡಿನ ಮೇಲೆ ಗಲಾಟೆ ಮಾಡಿದವರ ಹೆಸರು ಬರೆಯುವುದು. ಗಮನ ಬೇಕಾದವನಿಗೆ ತನ್ನ ಹೆಸರು ದೊಡ್ಡದಾಗಿ ಕಾಣುತ್ತದೆ, ಮಾನಿಟರ್‌ಗೆ ಶಾಲೆಯ ಹೊರಗೆ ಏಟು ಬೀಳುತ್ತದೆ. ಇನ್ನೊಂದು, ಒಬ್ಬನ ತಪ್ಪಿಗೆ ಎಲ್ಲರಿಗೂ ಶಿಕ್ಷೆ. ತಪ್ಪು ಮಾಡದ ಮಕ್ಕಳ ಸಿಟ್ಟು ಮೇಷ್ಟ್ರ ಮೇಲೆ ತಿರುಗುತ್ತದೆ.

ಇಲ್ಲಿ ನಡೆಯದ ಶಿಕ್ಷೆಗಳು

ಬೆಂಗಳೂರಿನ ತರಬೇತಿಯಲ್ಲಿ ಹೇಳಿಕೊಡುವ ಕೆಲವು ಕ್ರಮಗಳು ಕೊಡಗಿನಲ್ಲಿ ನಡೆಯುವುದಿಲ್ಲ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುವುದು ಅಂಥದ್ದೊಂದು. ಆ ಅರ್ಧ ಗಂಟೆಯಲ್ಲಿ ಇರುವ ಒಂದು ಬಸ್ಸು ಹೋಗಿಬಿಡುತ್ತದೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಸಂಜೆ ತೋಟದ ರಸ್ತೆಯಲ್ಲಿ ಆನೆ ಇರುತ್ತದೆ. ಮಗುವನ್ನು ಒಂಟಿಯಾಗಿ ನಡೆಸುವುದು ಜೀವದ ಪ್ರಶ್ನೆ.

ಶೌಚಾಲಯ ತೊಳೆಸುವುದಂತೂ ಬೇಡವೇ ಬೇಡ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಪ್ರಕರಣ ಹೊರಬಂದ ಮೇಲೆ ಸರ್ಕಾರ ಇದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆ. ಪಿಟಿ ಪೀರಿಯಡ್ ಕಿತ್ತುಕೊಳ್ಳುವುದು ಎಲ್ಲರಿಗೂ ಸುಲಭವಾಗಿ ಸಿಗುವ ಶಿಕ್ಷೆ. ಆದರೆ ಮೂರು ತಿಂಗಳು ಒಳಗೇ ಕೂತ ಹುಡುಗನಿಗೆ ಹಾಕಿ ಸ್ಟಿಕ್ಕು ಹಿಡಿಯುವ ಒಂದು ಗಂಟೆಯೂ ಹೋದರೆ ಆ ಚಡಪಡಿಕೆ ಮತ್ತೆ ತರಗತಿಗೇ ಬರುತ್ತದೆ.

‘ನಾಳೆ ಅಪ್ಪನನ್ನು ಕರಕೊಂಡು ಬಾ’ ಎನ್ನುವುದು ಸಹಜ ಮಾತು. ದಿನಗೂಲಿಯ ಅಪ್ಪನಿಗೆ ಅದರಿಂದ ಒಂದು ದಿನದ ಕೂಲಿ ಹೋಗುತ್ತದೆ. ಆ ಸಿಟ್ಟು ರಾತ್ರಿ ಮಗುವಿನ ಬೆನ್ನಿಗೆ ಬೀಳುತ್ತದೆ. ಬೆಳಿಗ್ಗೆ ಮಗು ಶಾಲೆಗೆ ಬರುವುದಿಲ್ಲ, ಅಥವಾ ಸೇಡು ಹೊತ್ತು ಬರುತ್ತದೆ. ಸಂಜೆ ಫೋನಿನಲ್ಲಿ ಮಾತಾಡುವುದು, ಸಂತೆಯ ದಿನ ಅಥವಾ ತೋಟಕ್ಕೆ ರಜೆಯ ದಿನ ಭೇಟಿ ಮಾಡುವುದು ಒಳ್ಳೆಯದು. ಮೊದಲ ಕರೆ ದೂರಿನದ್ದಾಗಬಾರದು. ಮಗು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಹೇಳಲು ಒಮ್ಮೆ ಕರೆ ಮಾಡಿದ್ದರೆ, ದೂರಿನ ಕರೆ ಬಂದಾಗ ಅಪ್ಪ ಅಮ್ಮ ಕಿವಿಗೊಡುತ್ತಾರೆ. ಇನ್ನೊಂದು ಎಚ್ಚರ ಬೇಕು. ತೋಟದ ರೈಟರ್ (ಗುಮಾಸ್ತ) ಅಥವಾ ಮೇಸ್ತ್ರಿ ಮೂಲಕ ದೂರು ಕಳಿಸಬಾರದು. ಮಗುವಿನ ತರಗತಿಯ ತಪ್ಪು ಆ ಮನೆಯವರ ಕೆಲಸದ ಮೇಲೆ ಬರಬಹುದು.

ಕೊಯ್ಲಿನ ಕಾಲದಲ್ಲಿ ಹೈಸ್ಕೂಲು ಹುಡುಗನನ್ನು ಒಂದು ವಾರ ಅಮಾನತು ಮಾಡಿದರೆ ಏನಾಗುತ್ತದೆ? ಅವನು ಕಾಫಿ ಕೊಯ್ಯಲು ಹೋಗುತ್ತಾನೆ, ಕೈಗೆ ದುಡ್ಡು ಬರುತ್ತದೆ. ಅಂಥವನು ಮತ್ತೆ ಬೆಂಚಿಗೆ ಬರುವುದು ಕಷ್ಟ. ಶಾಲೆಗೆ ಅದು ಒಂದು ವಾರದ ಶಿಕ್ಷೆ, ಅವನಿಗೆ ಓದು ಅಲ್ಲಿಗೇ ಮುಗಿದ ಹಾಗೆ.

ಮೇಷ್ಟ್ರು ಒಬ್ಬರೇ ನಿಭಾಯಿಸಬಾರದು

ಹೀಗೇ ಬಿಟ್ಟರೆ ಮುಂದೆ ಆಗುವುದು ಹೊಡೆತದ ಪ್ರಕರಣಗಳು ಜಾಸ್ತಿಯಾಗುವುದಷ್ಟೇ ಅಲ್ಲ. ಒಳ್ಳೆಯ ಶಿಕ್ಷಕರು ತಿದ್ದುವುದನ್ನೇ ಬಿಟ್ಟುಬಿಡುತ್ತಾರೆ. ‘ನಮಗ್ಯಾಕೆ ಉಸಾಬರಿ’ ಎಂದು ಪಾಠ ಓದಿ ಹೊರಡುತ್ತಾರೆ. ಅವರ ಮೇಲೆ ದೂರು ಬರುವುದಿಲ್ಲ. ನಷ್ಟ ಆಗುವುದು ಮುಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಮಕ್ಕಳಿಗೆ, ಆಮೇಲೆ ಯಾರೂ ತಿದ್ದದ ಆ ಹುಡುಗನಿಗೆ. ಫಲಿತಾಂಶದ ಒತ್ತಡವೂ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಕೊಡಗು 2024, 2025 ಎರಡೂ ವರ್ಷ ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿತ್ತು. ಆ ಸ್ಥಾನ ಉಳಿಸಿಕೊಳ್ಳುವ ಭರದಲ್ಲಿ ತೊಂದರೆ ಕೊಡುವ ಹುಡುಗನನ್ನು 9ರಲ್ಲೇ ‘ಬೇರೆ ಶಾಲೆ ನೋಡಿಕೊಳ್ಳಿ’ ಎಂದು ಕಳಿಸುವ ಆಸೆ ಯಾವ ಶಾಲೆಗೂ ಬರಬಹುದು. 8ನೇ ತರಗತಿ ದಾಟಿದ ಮೇಲೆ ಹೊರಹಾಕಬಾರದು ಎಂಬ ಕಾಯ್ದೆಯ ತಡೆ ಅವನಿಗಿಲ್ಲ.

ಇದನ್ನು ಸರಿಪಡಿಸಲು ಕೋಟಿಗಟ್ಟಲೆ ದುಡ್ಡೇನೂ ಬೇಡ. ಮೊದಲು ಬೇಕಿರುವುದು ಒಂದು ಪುಟದ ಕ್ರಮ. ಯಾವುದನ್ನು ತರಗತಿಯಲ್ಲೇ ಮುಗಿಸಬೇಕು, ಯಾವಾಗ ಎಚ್‌ಎಂಗೆ ಹೋಗಬೇಕು, ಮನೆಗೆ ಯಾರು ಕರೆ ಮಾಡಬೇಕು, ತರಗತಿ ಕೈ ತಪ್ಪಿದರೆ ಪಕ್ಕದ ಕೋಣೆಯಿಂದ ಯಾರು ಬರಬೇಕು. ಶಾಲೆ ಶುರುವಾಗುವ ವಾರದಲ್ಲಿ ಇದನ್ನು ಬರೆದು ಎಸ್‌ಡಿಎಂಸಿ (ಶಾಲಾ ಸಮಿತಿ) ಸಭೆಯಲ್ಲಿ ಓದಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ಆ ಸಮಿತಿಯಲ್ಲಿ ಲೈನ್ ಮನೆಯ, ಹಾಡಿಯ ಒಬ್ಬ ತಾಯಿ ಇದ್ದರೆ ಭಾಷೆಯ ಸಮಸ್ಯೆಗೂ ಅರ್ಧ ಪರಿಹಾರ ಸಿಗುತ್ತದೆ.

ಎರಡನೆಯದು ಒಂದು ನೋಟ್‌ಬುಕ್. ದಿನಾಂಕ, ನಡೆದದ್ದು, ಮಾಡಿದ್ದು. ‘ಸೊಕ್ಕಿನಿಂದ ವರ್ತಿಸಿದ’ ಎಂದು ಬರೆಯಬಾರದು, ‘ಮೂರು ಸಲ ಹೇಳಿದರೂ ಜಾಗಕ್ಕೆ ಹೋಗಲಿಲ್ಲ’ ಎಂದು ಬರೆಯಬೇಕು. ಒಂದು ತಿಂಗಳು ಬರೆದು ನೋಡಿದರೆ, ಇದು ಯಾವಾಗಲೂ ಗಣಿತದ ಪೀರಿಯಡ್‌ನಲ್ಲೇ ಅಥವಾ ಊಟದ ನಂತರವೇ ಆಗುತ್ತಿದೆ ಎಂಬುದು ಕಾಣಬಹುದು. ಮುಂದೆ ದೂರು ಬಂದು ವಿಚಾರಣೆ ನಡೆದರೆ ಶಿಕ್ಷಕರನ್ನು ಕಾಪಾಡುವುದೂ ಈ ಪುಸ್ತಕವೇ.

ಸರ್ಕಾರ ಮಾಡಲೇಬೇಕಾದ ಕೆಲಸವೂ ಇದೆ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಹೀಗೆ ಜಿಲ್ಲೆಗೆ ಮೂರು ಶೈಕ್ಷಣಿಕ ಬ್ಲಾಕ್. ಬ್ಲಾಕಿಗೆ ಒಬ್ಬರಂತೆ ಶಾಲೆಯಿಂದ ಶಾಲೆಗೆ ಹೋಗುವ ಆಪ್ತಸಮಾಲೋಚಕರು ಬೇಕು, ಅವರಿಗೆ ಓಡಾಟದ ಖರ್ಚು ಕೊಡಬೇಕು. ಕೂಡಿಗೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಭಾಷಣದ ತರಬೇತಿ ಕಡಿಮೆ ಮಾಡಿ, ಶಿಕ್ಷಕರು ತಮ್ಮ ತರಗತಿಯ ನಿಜ ಪ್ರಸಂಗ ತಂದು ಒಬ್ಬರು ಹುಡುಗನಾಗಿ, ಒಬ್ಬರು ಮೇಷ್ಟ್ರಾಗಿ ಮಾಡಿ ನೋಡುವ ಅಭ್ಯಾಸ ಆಗಬೇಕು. ಸಿಟ್ಟು ಬಂದಾಗ ದನಿ ತಗ್ಗಿಸುವುದನ್ನು ಓದಿ ಕಲಿಯಲು ಆಗುವುದಿಲ್ಲ.

ಶಾಲೆಯ ಕೈ ಮೀರಿದಾಗ

ಕೊಲ್ಲುತ್ತೇನೆ ಎಂಬ ಬೆದರಿಕೆ, ಆಯುಧ, ಗಾಂಜಾ, ಹೆಣ್ಣುಮಕ್ಕಳ ಮೈ ಮುಟ್ಟುವುದು ಇವನ್ನೆಲ್ಲ ತರಗತಿಯ ಶಿಸ್ತು ಎಂದು ಮುಚ್ಚಿಡಬಾರದು. ಲೈಂಗಿಕ ದೌರ್ಜನ್ಯವಾದರೆ ಪೋಕ್ಸೊ ಕಾಯ್ದೆಯಂತೆ ತಿಳಿಸುವುದು ಕಡ್ಡಾಯ. ಪೊಲೀಸರಿಗೆ ಹೇಳಿದರೆ ಹುಡುಗ ಜೈಲಿಗೆ ಹೋಗುತ್ತಾನೆ ಎಂಬ ಹೆದರಿಕೆಯಿಂದ ಎಷ್ಟೋ ಶಾಲೆಗಳು ಸುಮ್ಮನಾಗುತ್ತವೆ. ಹಾಗೇನೂ ಆಗುವುದಿಲ್ಲ. 18 ತುಂಬದವರ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. 2016ರ ಮಾದರಿ ನಿಯಮಗಳ ಪ್ರಕಾರ ಘೋರ ಅಪರಾಧ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ ಅಪರಾಧ ಬಿಟ್ಟರೆ ಮಕ್ಕಳ ಮೇಲೆ ಎಫ್‌ಐಆರ್ ಕೂಡ ಹಾಕುವುದಿಲ್ಲ, ಠಾಣೆಯ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ.

ವಿಡಿಯೋ ಮಾಡಿ ಹಂಚುವುದು ಮಾತ್ರ ದೊಡ್ಡ ತಪ್ಪು. 2025ರ ಜನವರಿಯಲ್ಲಿ ಪಾಲಕ್ಕಾಡ್ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಮೊಬೈಲ್ ತೆಗೆದಿಟ್ಟದ್ದಕ್ಕೆ 11ನೇ ತರಗತಿ ಹುಡುಗ ಪ್ರಾಂಶುಪಾಲರಿಗೆ ಬೆದರಿಕೆ ಹಾಕಿದ. ಆ ದೃಶ್ಯ ಎಲ್ಲ ಕಡೆ ಹರಿದಾಡಿತು. ಹುಡುಗ ಅಮಾನತಾದ, ಆಮೇಲೆ ಕ್ಷಮೆಯನ್ನೂ ಕೇಳಿದ. ಆದರೆ ಅವನ ಮುಖ ಅಷ್ಟರಲ್ಲಿ ಲಕ್ಷಾಂತರ ಜನಕ್ಕೆ ಗೊತ್ತಾಗಿತ್ತು, ವಿಡಿಯೋ ಹೊರಗೆ ಹೋದದ್ದು ಹೇಗೆ ಎಂಬ ಪ್ರಶ್ನೆ ಶಾಲೆಯ ಮೇಲೆಯೇ ಬಂತು. ಕಾನೂನಿನ ಸಂಘರ್ಷಕ್ಕೆ ಒಳಗಾದ (ಅಪರಾಧದ ಆರೋಪ ಹೊತ್ತ) ಮಗುವಿನ ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಮಗು ಸಾಯುವ ಮಾತಾಡಿದರೆ ಅದನ್ನು ನಾಟಕ ಎಂದು ತಳ್ಳಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಶಿಕ್ಷಕರೂ ಕರೆ ಮಾಡಿ ಕೇಳಬಹುದು.

ಅಮಾನತು ಮುಗಿಸಿ ಹುಡುಗ ಮರಳುವ ದಿನದ ಬಗ್ಗೆ ಶಾಲೆಗಳು ಯೋಚಿಸುವುದೇ ಕಡಿಮೆ. ನೇರವಾಗಿ ತರಗತಿಗೆ ಕಳಿಸಿದರೆ ಚಪ್ಪಾಳೆ, ಕೇಕೆ, ಮತ್ತೆ ಅದೇ ಮೇಷ್ಟ್ರ ಎದುರು ಅದೇ ಬೆಂಚು. ಮೊದಲ ಗಂಟೆ ಹೊಡೆಯುವ ಮುಂಚೆ ಎಚ್‌ಎಂ ಕೋಣೆಯಲ್ಲಿ ಹುಡುಗ, ಮನೆಯವರು ಮತ್ತು ಆ ಮೇಷ್ಟ್ರು ಹದಿನೈದು ನಿಮಿಷ ಒಟ್ಟಿಗೆ ಕೂರಬೇಕು. ಯಾರಿಗೆ ಏನು ನೋವಾಯಿತು ಎಂದು ಇಬ್ಬರೂ ಹೇಳಲಿ. ತಪ್ಪಿಹೋದ ಪಾಠದ ನೋಟ್ಸ್ ಯಾರಿಂದ ಪಡೆಯಬೇಕು, ಎಲ್ಲಿ ಕೂರಬೇಕು, ಮತ್ತೆ ಸಿಟ್ಟು ಬಂದರೆ ಯಾರ ಹತ್ತಿರ ಹೋಗಬೇಕು ಎಂದು ಅಲ್ಲೇ ತೀರ್ಮಾನಿಸಿ ಆ ನೋಟ್‌ಬುಕ್ಕಿನಲ್ಲಿ ಬರೆದು, ಎಲ್ಲರೂ ಸಹಿ ಹಾಕಿದ ಮೇಲೆ ಅವನು ತರಗತಿಗೆ ಹೋಗಲಿ.